ಆರು ಗ್ಲಾಸು, ಎರಡು ಲೋಟ

ಅಥವಾ ನಾವು ಅದನ್ನು ಕುಡಿಯಲೇ ಇಲ್ಲವೋ ಏನೋ. ಗ್ಯಾಸ್ ಆರಿಸಿದ್ದೇನೆಯೇ ಎಂಬ ಅನುಮಾನದಿಂದ ಅರ್ಧ ದಾರಿಯಲ್ಲಿ ಬಸ್ಸಿಳಿದು ಮನೆಗೆ ವಾಪಸು ಹೋಗುವ ನನ್ನಂಥವಳು ಮೂವತ್ತು ವರ್ಷದ ಹಿಂದಿನ ಮಧ್ಯಾಹ್ನವೊಂದಕ್ಕೆ ಸಾಕ್ಷಿ ಹೇಳಲು ನಿಂತರೆ ಯಾರೂ ನಂಬಬಾರದು. ಆದರೂ ಹೇಳುತ್ತೇನೆ. ಆಗ ಮರಾಠಿ ಸೀಮೆಯ ಧನಕವಡಿಯಲ್ಲಿ ನಮ್ಮದು ಕೂಡುಮನೆ. ಅತ್ತೆ, ಮಾವ, ಗಂಡಸರು ಎಲ್ಲ ಮದುವೆಯೊಂದಕ್ಕೆ ವಿಜಾಪುರಕ್ಕೆ ಹೋಗಿದ್ದರು. ಮನೆಯಲ್ಲಿ ಉಳಿದವರು ಇಬ್ಬರೇ ಸೊಸೆಯರು: ಹಿರಿಯಳು ನಾನು, ಕಿರಿಯಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಮಾಲತಿ. ಬಿಯರಿನಿಂದ ತಲೆ ತೊಳೆದರೆ ಕೂದಲು ಹೊಳೆಯುತ್ತದೆಂದು ಅವಳು ಯಾವುದೋ ಮರಾಠಿ ಪತ್ರಿಕೆಯಲ್ಲಿ ಓದಿದ್ದಳು. ಗಂಡನನ್ನು ಕಾಡಿ ಬೇಡಿ ಒಂದು ಬಾಟಲಿ ತರಿಸಿ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದಳು. ಅರ್ಧ ತಲೆಗೆ ಹೋಯಿತು. ಉಳಿದರ್ಧವನ್ನು ಒಂದೇ ಸ್ಟೀಲ್ ಲೋಟಕ್ಕೆ ಸುರಿದು, ಮಾಳಿಗೆಯ ಮೇಲೆ ಕೂದಲು ಒಣಗಿಸುತ್ತ, ಒಬ್ಬರ ಎಂಜಲನ್ನು ಒಬ್ಬರು ಕುಡಿದು, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಯಾತಕ್ಕೆ ನಕ್ಕೆವೋ ನೆನಪಿಲ್ಲ. ರುಚಿ ಮಾತ್ರ ನೆನಪಿದೆ: ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ, ಕೊನೆಗೆ ಸ್ವಲ್ಪ ಕಹಿ. ಆ ಕಾಲದ ಬಾಟಲಿ ಬಿಯರಿನಲ್ಲಿ ಕೊತ್ತಂಬರಿ ಎಲ್ಲಿಂದ ಬರಬೇಕು? ಲೋಟ ಸರಿಯಾಗಿ ತೊಳೆದಿರಲಿಲ್ಲ ಎಂದು ಕಾಣುತ್ತದೆ.

ಆಮೇಲೆ ಮೈದುನನಿಗೆ ತಳೇಗಾಂವ ದಾಭಾಡೆಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಅವರು ಅಲ್ಲಿಗೆ ಹೋದರು. ಜಗಳವೇನೂ ಆಗಲಿಲ್ಲ. ಆಗಿದ್ದರೆ ಎಷ್ಟು ಚೆನ್ನಾಗಿತ್ತು! ಜಗಳವಾಡಿದವರು ಎಂದಾದರೊಂದು ದಿನ ರಾಜಿಯಾಗಲೇಬೇಕಾಗುತ್ತದೆ. ನಮಗೆ ಆ ಅನುಕೂಲವೂ ಇಲ್ಲ. ಮುಂಜಿ, ಮದುವೆ, ಶ್ರಾದ್ಧಗಳಲ್ಲಿ ಸಿಗುತ್ತೇವೆ. "ಆರಾಮ ಇದ್ದೀರಿಲ್ಲೋ ಅಕ್ಕಾರ?" ಎನ್ನುತ್ತಾಳೆ. "ಆರಾಮ" ಎನ್ನುತ್ತೇನೆ. ಮೊದಲು ಅವಳು ನನ್ನನ್ನು 'ನೀ' ಎನ್ನುತ್ತಿದ್ದಳು. ಯಾವ ಶ್ರಾದ್ಧದ ಊಟದಲ್ಲಿ ಅದು 'ನೀವು' ಆಯಿತೋ ಗಮನಿಸಲಿಲ್ಲ. ಅಥವಾ ಮೊದಲಿನಿಂದಲೂ 'ನೀವು' ಎಂದೇ ಅನ್ನುತ್ತಿದ್ದಳೋ? ನೋಡಿ, ಮತ್ತೆ ಅದೇ ಕಥೆ.

ಹೋದ ತಿಂಗಳು ನಮ್ಮ ಆಫೀಸಿನ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಯ ಊಟ ಶಿವಾಜಿನಗರದಲ್ಲೇ, ಆಫೀಸಿನ ಹಿಂದಿನ ಓಣಿಯ ಒಂದು ಜಾಗದಲ್ಲಿ ನಡೆಯಿತು. ಅಲ್ಲಿಯವರೇ ಬಿಯರ್ ತಯಾರಿಸಿ ಅಲ್ಲೇ ಮಾರುತ್ತಾರೆ. ಗಾಜಿನ ಗೋಡೆಯ ಆಚೆ ದೊಡ್ಡ ದೊಡ್ಡ ಉಕ್ಕಿನ ಹಂಡೆಗಳು. ನಾನು ನಿಂಬೆ ಶರಬತ್ತು ಕುಡಿಯುತ್ತ ಸಭ್ಯಳಾಗಿ ಕೂತಿದ್ದೆ. ಪಕ್ಕದವಳ ಗ್ಲಾಸಿನಿಂದ ಕಿತ್ತಳೆ ಸಿಪ್ಪೆಯ ವಾಸನೆ ಬಂತು. ಅಷ್ಟೇ. ಅಂದಿನಿಂದ ನನಗೆ ಬೇಕಾದದ್ದು ಒಂದೇ: ಮಾಲತಿಯನ್ನು ಇಲ್ಲಿಗೆ ಕರೆದುಕೊಂಡು ಬರಬೇಕು, ಆ ರುಚಿ ಹುಡುಕಿ ಅವಳ ಮುಂದೆ ಇಡಬೇಕು, ಅವಳು ಮೊದಲಿನ ಹಾಗೆ ನಗಬೇಕು.

ಆದರೆ ಅಭ್ಯಾಸವಿಲ್ಲದವರಿಗೆ ಬಿಯರ್ ಆರಿಸುವುದು ವರ ಆರಿಸುವುದಕ್ಕಿಂತ ಕಷ್ಟ, ವರನಿಗಾದರೆ ಜಾತಕವಿರುತ್ತದೆ. ಇಲ್ಲಿ ಕರಿಹಲಗೆಯ ಮೇಲೆ ಚಾಕಿನಲ್ಲಿ ಬರೆದ ಹನ್ನೆರಡು ಹೆಸರು. ಯಾವುದು ಗೋಧಿಯದು, ಯಾವುದು ಹುರಿದ ಬಾರ್ಲಿಯದು, ಯಾವುದರಲ್ಲಿ ಕಹಿ ಹೆಚ್ಚು ಎಂದು ಫೋನಿನಲ್ಲಿ ಕದ್ದುಮುಚ್ಚಿ ಓದತೊಡಗಿದೆ. ಫೋನಿಗೆ ಗುಟ್ಟು ಎಂಬುದು ಗೊತ್ತಿಲ್ಲ. ಪಂಚಾಂಗ ನೋಡಲೆಂದು ಅದನ್ನು ಎತ್ತಿಕೊಂಡ ನಮ್ಮ ಮನೆಯವರು, "ಅಲ್ಲಾ, ಏಕಾದಶಿ ಯಾವಾಗ ಅಂತ ನೋಡಾಕ ಹೋದ್ರ ಬರೇ ನೊರಿ ಗ್ಲಾಸು ಬರ್ತಾವಲ್ಲ ಇದರಾಗ?" ಎಂದರು. "ಸಾಬಣದ ಜಾಹೀರಾತು ಇರಬೇಕ್ರಿ" ಎಂದೆ. ಅವರು ನಂಬಿದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಸಾಬಣ ತಂದವರಲ್ಲ.

ಕೊನೆಗೆ ಮಾಲತಿಗೆ ಫೋನ್ ಮಾಡಿ, "ಊಟಕ್ಕ ಬಾ, ಹೊರಗ ಹೋಗೋಣು" ಎಂದೆ. "ಏನ್ ವಿಶೇಷರಿ?" ಎಂದಳು. "ಏನಿಲ್ಲ, ಹಂಗ ಸುಮ್ಮನ." ಬರುತ್ತೇನೆಂದು ಒಪ್ಪಿಕೊಂಡಳು. ನಮ್ಮ ಕಡೆಯ ಜನ ಸುಮ್ಮಸುಮ್ಮನೆ ಯಾರನ್ನೂ ಊಟಕ್ಕೆ ಕರೆಯುವುದಿಲ್ಲ. ಯಾರಿಗೋ ದೊಡ್ಡ ಕಾಯಿಲೆ ಇರಬೇಕೆಂದು ಅವಳು ಲೆಕ್ಕ ಹಾಕಿದ್ದಳೆಂದು ಆಮೇಲೆ ಗೊತ್ತಾಯಿತು. ಮಧ್ಯಾಹ್ನದ ಲೋಕಲ್ ರೈಲಿನಿಂದ ಇಳಿದವಳು ಕೈಯಲ್ಲಿ ಎಳನೀರು ಹಿಡಿದುಕೊಂಡಿದ್ದಳು.

ಆ ಜಾಗಕ್ಕೆ ಹೋಗಿ ಕೂತ ಮೇಲೆ ಬಿಯರ್ ಎಂದು ತಿಳಿದಾಗ ಅವಳು ಎದ್ದು ಹೋಗಲಿಲ್ಲ. ಸೆರಗು ಸರಿಪಡಿಸಿಕೊಂಡು, "ನಿಮಗ ಏನೂ ಆಗಿಲ್ಲ, ಖರೇನ?" ಎಂದು ಎರಡು ಸಲ ಕೇಳಿದಳು, ಎಳನೀರನ್ನು ಮೇಜಿನ ಕೆಳಗೆ ಇಟ್ಟಳು, ಕರಿಹಲಗೆಯನ್ನು ಪೂರ್ತಿ ಓದಿದಳು. ನಾವು ಮಾತಾಡುವುದನ್ನು ಕೇಳಿ ಅಲ್ಲಿಯ ಮ್ಯಾನೇಜರ್ ಹತ್ತಿರ ಬಂದರು. ಕುಂದಾಪುರದ ಕಡೆಯವರು, ಐವತ್ತರ ಆಸುಪಾಸು. "ಹೋ, ಕನ್ನಡದವರಾ! ಎಂತ ಅಮ್ಮ, ಮೊದಲ ಸಲವಾ? ಹಾಗಾದರೆ ಪೂರ್ತಿ ಗ್ಲಾಸು ಬೇಡ. ಆರು ಬಗೆ, ಸಣ್ಣ ಸಣ್ಣ ಗ್ಲಾಸಲ್ಲಿ ಕೊಡ್ತೇನೆ. ಈ ತುದಿಯಿಂದ ಶುರು ಮಾಡಿ, ತಿಳಿಯಿಂದ ಕಪ್ಪಿಗೆ. ನಡುನಡುವೆ ಒಂದು ಗುಟುಕು ನೀರು" ಎಂದರು. ಮರದ ಹಲಗೆಯೊಂದರ ಗುಳಿಗಳಲ್ಲಿ ಆರು ಗ್ಲಾಸು ಬಂದವು. ಮೊದಲನೆಯದನ್ನು ಮೂಗಿನ ಹತ್ತಿರ ಹಿಡಿದೆ. ಕಿತ್ತಳೆ! ಒಂದು ಗುಟುಕು ಕುಡಿದು ಅವಳ ಕಡೆ ಚಾಚಬೇಕು ಎನ್ನುವಷ್ಟರಲ್ಲಿ ಮಾಲತಿ ಮ್ಯಾನೇಜರನ್ನು ಕರೆದು, "ಎರಡು ಖಾಲಿ ಲೋಟ ಕೊಡ್ರಿ. ಎಂಜಲಾ ಆಗ್ತದ" ಎಂದಳು.

ಆ ಮಾತಿನಲ್ಲಿ ತಪ್ಪೇನೂ ಇಲ್ಲ. ನಾನೂ ಹಾಗೆಯೇ ಬೆಳೆದವಳು. ನಮ್ಮ ಮನೆಯಲ್ಲಿ ಇವತ್ತಿಗೂ ನೀರನ್ನು ಎತ್ತಿ ಬಾಯಿಗೆ ಸುರಿದುಕೊಳ್ಳುತ್ತೇವೆ. ಆದರೂ ನನ್ನ ಕೈಯ ಗ್ಲಾಸು ಅಲ್ಲೇ ನಿಂತಿತು. ಲೋಟಗಳು ಬಂದವು. ಅವಳು ಸಾರು ಬಡಿಸುವ ಶಿಸ್ತಿನಿಂದ ಮೊದಲನೆಯದನ್ನು ಅರ್ಧರ್ಧ ಮಾಡಿದಳು. ಬಿಯರನ್ನು ಮೇಲಿನಿಂದ ಸುರಿದರೆ ಮುಕ್ಕಾಲು ನೊರೆಯಾಗುತ್ತದೆಂದು ನಮಗೆ ಗೊತ್ತಿರಲಿಲ್ಲ. ನೊರೆ ಇಳಿಯಲು ಕಾಯುತ್ತ ಕೂತರೆ ಊಟಕ್ಕೆ ತಡವಾಗುತ್ತದೆಂದು ಅವಳು ಎರಡನೆಯದನ್ನೂ ಅದರ ಮೇಲೆ ಸುರಿದಳು. ಆಮೇಲೆ ಮೂರನೆಯದು, ನಾಲ್ಕನೆಯದು, ಐದನೆಯದು; ಆರನೆಯದಕ್ಕೂ ಕೈ ಹಾಕಿದಳು. ಮ್ಯಾನೇಜರ್ ಓಡಿ ಬಂದರು. "ಅಯ್ಯೋ ಅಮ್ಮ, ಎಂತ ಮಾಡ್ತಿದ್ದೀರಿ! ಒಂದೊಂದಕ್ಕೂ ಬೇರೆ ಬೇರೆ ರುಚಿ ಉಂಟು ಮಾರಾಯ್ರೆ. ಅದು ಕಾಫಿ ಪರಿಮಳದ್ದು!"

"ಕಾಫಿ ಪರಿಮಳ ಬೇಕಂದ್ರ ಕಾಫೀನ ಕುಡೀತಿದ್ವಿ ಬಿಡ್ರಿ" ಎಂದು ಮಾಲತಿ ಆರನೆಯದನ್ನೂ ಸುರಿದು ಮುಗಿಸಿದಳು. "ಹೊಟ್ಟಿಗೆ ಹೋದ ಮ್ಯಾಲ ಎಲ್ಲಾ ಒಂದ."

ಆ ಮಹನೀಯರು ಗಾಜಿನಾಚೆಯ ಹಂಡೆಗಳ ಕಡೆ ಮುಖ ತಿರುಗಿಸಿ ನಿಂತರು. ಯಾರಿಗೋ ಕ್ಷಮೆ ಕೇಳುತ್ತಿದ್ದಂತಿತ್ತು. ನಾವು ಮಣ್ಣಿನ ಬಣ್ಣದ ಆ ಮಿಶ್ರಣವನ್ನು ಕುಡಿದೆವು. ಮಾಲತಿ ಮುಖ ಕಿವುಚಿ, "ಅತ್ತಿಯವರ ಕೈಯಾನ ಬೇವಿನ ಕಷಾಯ ಇದ್ದಂಗ ಅದ. ಆದ್ರ ಅವರು ಬೆಲ್ಲಾನೂ ಕೊಡ್ತಿದ್ರು" ಎಂದಳು. ನಾನು ನಕ್ಕೆ. ಅವಳ ತುಟಿಯ ಅಂಚಿನಲ್ಲೂ ಏನೋ ಬಂದಂತಾಯಿತು; ನೊರೆಯೂ ಇದ್ದಿರಬಹುದು. ಇದೇ ಸಮಯವೆಂದು ಹೇಳಿಯೇಬಿಟ್ಟೆ: "ಮಾಲತಿ, ಆವತ್ತು ಮಾಳಿಗಿ ಮ್ಯಾಲ ನಾವಿಬ್ಬರೂ ಕುಡದದ್ದು ಹಿಂಗ ಇತ್ತಲ್ಲ?"

ಅವಳು ಲೋಟ ಕೆಳಗಿಟ್ಟಳು. "ಎಲ್ಲಿ ಕುಡದ್ವಿರಿ? ಪೂರಾ ಬಾಟಲಿ ತಲಿಗೇ ಹಾಕ್ಕೊಂಡ್ವಿ. ನೀವು ಅದನ್ನ ಮೂಸಿ ನೋಡಿ ವಾಂತಿ ಬರ್ತದ ಅಂದ್ರಿ."

"ಅರ್ಧ ಕುಡದಿವಿ. ಒಂದ ಲೋಟದಾಗ."

"ಇಲ್ಲರಿ ಅಕ್ಕಾರ. ನನ್ನ ಕೂದಲಾ ಆಗ ಮಂಡೀತನಕ ಇತ್ತು. ಅರ್ಧ ಬಾಟಲಿ ಎಲ್ಲಿ ಸಾಲತದ?"

ಅವಳ ಕೂದಲು ಮಂಡಿಯವರೆಗೆ ಇದ್ದದ್ದು ನಿಜ. ಅದಕ್ಕೆ ಫೋಟೋ ಇದೆ. ನನ್ನ ನಗುವಿಗೆ ಯಾವ ಫೋಟೋ ಇದೆ? ಹಾಗಾದರೆ ಇಷ್ಟು ವರ್ಷ ನಾನು ಯಾರ ಎಂಜಲಿನ ರುಚಿಯನ್ನು ಕಾಪಾಡಿಕೊಂಡು ಬಂದೆ? ಬೇರೆ ಯಾರ ಜೊತೆಗೋ, ಬೇರೆ ಏನನ್ನೋ ಕುಡಿದು, ಅದನ್ನು ತಂದು ಇವಳ ಪಕ್ಕದಲ್ಲಿ ಕೂರಿಸಿಬಿಟ್ಟೆನೇ? "ನಕ್ಕದ್ದಾದ್ರೂ ನೆನಪದನೋ ಇಲ್ಲೋ?" ಎಂದು ಕೇಳಬೇಕೆಂದುಕೊಂಡೆ. ಅದಕ್ಕೂ ಇಲ್ಲವೆಂದರೆ ಏನು ಮಾಡುವುದೆಂದು ಹೆದರಿ ಚಪಾತಿ ತರಲು ಹೇಳಿದೆ.

ಸ್ಟೇಷನ್ನಿನವರೆಗೆ ಜೊತೆಗೆ ನಡೆದೆವು. ದಾರಿಯಲ್ಲಿ ಮೊಣಕಾಲು ನೋವಿನ ಬಗ್ಗೆ ಮಾತಾಡಿದೆವು; ಅದರಲ್ಲಿ ಇಬ್ಬರ ನೆನಪೂ ಖಚಿತವಾಗಿತ್ತು. ಹೆಂಗಸರ ಡಬ್ಬಿಯಲ್ಲಿ ಅವಳಿಗೆ ಕಿಟಕಿ ಸಿಕ್ಕಿತು. ರೈಲು ಹೊರಡುವ ಮೊದಲು ಸರಳಿನ ಹತ್ತಿರ ಮುಖ ತಂದು, "ಖರೇ ಹೇಳ್ರಿ ಅಕ್ಕಾರ, ನನ್ನ ಯಾಕ ಕರದ್ರಿ?" ಎಂದಳು.

ಕೇಳಿದ ದನಿಯಲ್ಲಿ ಗೇಲಿ ಇರಲಿಲ್ಲ. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ನೀನಿಲ್ಲದೆ ಮನೆ ಬಿಕೋ ಅನ್ನುತ್ತದೆ, ಅಷ್ಟೇ. ಬಾಯಿ ತೆರೆದೆ. "ಒಂದು ತೊಗೊಂಡ್ರ ಒಂದು ಪುಕ್ಕಟ ಇತ್ತು" ಎಂದೆ. "ಒಬ್ಬಾಕಿಗೆ ಹೆಚ್ಚಾಗ್ತಿತ್ತು."

"ಹೌದ? ಹಂಗಾದ್ರ ಚಲೋ ಮಾಡಿದ್ರಿ" ಎಂದಳು. ರೈಲು ಹೊರಟಿತು. ಅಂಥ ಸವಲತ್ತೇನೂ ಅಲ್ಲಿರಲಿಲ್ಲ ಎಂಬುದು ಕರಿಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದ ಅವಳಿಗೆ ತಿಳಿದಿತ್ತೋ ಇಲ್ಲವೋ, ತಿಳಿದೂ ಸುಮ್ಮನಾದಳೋ, ನನಗೆ ಗೊತ್ತಿಲ್ಲ.