ಹನ್ನೊಂದು ಗಂಟೆಯ ಬೆಂಕಿ

ಬೂಕನಕೆರೆ ರಸ್ತೆಯ ಅಕ್ಕಿ ಗಿರಣಿಯ ವಾಚ್‌ಮನ್ ಕುಳ್ಳಯ್ಯನಿಗೆ ಅವತ್ತು ಬೆಳಗ್ಗೆ ಬಂದ ಕಾಗದದಲ್ಲಿದ್ದದ್ದು ಒಂದೇ ಸಾಲು. ಸೆಕ್ಯೂರಿಟಿ ಕಂಪನಿಯ ಸಾಹೇಬರು ಹನ್ನೊಂದಕ್ಕೆ ಬಂದು, ಬೆಂಕಿ ಬಿದ್ದರೆ ಕಾವಲುಗಾರ ಏನು ಮಾಡುತ್ತಾನೆಂದು ಪರೀಕ್ಷೆ ಮಾಡುತ್ತಾರೆ.

ಎಂಟು ವರ್ಷದ ನೌಕರಿಯಲ್ಲಿ ಕುಳ್ಳಯ್ಯ ಕಲಿತದ್ದು ಗೇಟು ತೆಗೆಯುವುದು, ಹಾಕುವುದು, ಸಲ್ಯೂಟ್ ಹೊಡೆಯುವುದು. ಗೋಡೆಗೆ ನೇತುಹಾಕಿದ್ದ, ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಆಯುಧಪೂಜೆಯಲ್ಲಿ ಕುಂಕುಮ ಇಡುವುದಕ್ಕೆ ಬಿಟ್ಟರೆ ಅವನು ಮುಟ್ಟಿದವನೇ ಅಲ್ಲ.

"ಫೇಲಾದ್ರೆ ಮನೆಗ್ ಕಳಿಸ್ಬುಡ್ತಾರೆ ಕಣ್ಲಾ," ಎಂದು ಮ್ಯಾನೇಜರ್ ರವೀಂದ್ರ ಹೆದರಿಸಿದ.

ಕಸ ಗುಡಿಸುವ ಮಂಚಮ್ಮ ಪೊರಕೆ ಊರಿ ನಿಂತಳು. "ಬೆಂಕಿ ಬಿದ್ರೆ ಓಡೋಗದ್ನೂ ಕಲೀಬೇಕಾ? ಅದು ತಂತಾನೇ ಬತ್ತದೆ ಬುಡು."

"ಅರೆ, ಇದೇನ್ ಕಷ್ಟ ಭಾಯ್?" ಎಂದ ಲಾರಿ ಡ್ರೈವರ್ ಮುಖ್ತಾರ್ ಅಹಮದ್. "ಪಿನ್ನು ಕೀಳು, ಹಿಡಿ ಅಮುಕು. ಬಸ್!"

ಕುಳ್ಳಯ್ಯ ಪಿನ್ನು ಕಿತ್ತ, ಹಿಡಿ ಅಮುಕಿದ. ಮೂತಿ ಯಾವ ಕಡೆಗಿದೆಯೆಂದು ಮಾತ್ರ ನೋಡಲಿಲ್ಲ. ಬುಸ್ಸೆಂದು ಹಾರಿದ ಪುಡಿಗೆ ಮುಖ್ತಾರ್ ಸುಣ್ಣ ಬಳಿದ ಮೈಲಿಗಲ್ಲಿನಂತೆ ನಿಂತುಬಿಟ್ಟ.

"ಯಾ ಅಲ್ಲಾ! ನಂಗೇ ಬೆಂಕಿ ಬಿದ್ದೈತೇನ್ಲಾ?"

"ನಿಲ್ಸ್ಲಾ!" ಎಂದು ರವೀಂದ್ರ ಕೂಗುವಷ್ಟರಲ್ಲಿ ಸಿಲಿಂಡರು ಖಾಲಿ.

ಅದೇ ಹೊತ್ತಿಗೆ ಗಿರಣಿಯ ಹಿಂದೆ ಹೊಗೆ ಎದ್ದಿತು. ಪರೀಕ್ಷೆಗೆ ಇನ್ನೂ ಅರ್ಧ ಗಂಟೆ ಇದೆ. ಹಾಗಾದರೆ ಇದು ನಿಜವಾದ ಬೆಂಕಿಯೇ! ಟೋಪಿ ಬಿದ್ದದ್ದೂ ತಿಳಿಯದೆ ಕುಳ್ಳಯ್ಯ ಓಡಿದ. ಧಗಧಗ ಉರಿಯುವ ಗೋಣಿಚೀಲಗಳ ಪಕ್ಕದಲ್ಲಿ ಸಫಾರಿ ತೊಟ್ಟ ದಢೂತಿ ಮನುಷ್ಯನೊಬ್ಬ ಕೆಮ್ಮುತ್ತ ನಿಂತಿದ್ದ.

"ಎದ್ರುಬ್ಯಾಡಿ ಸ್ವಾಮಿ!" ಎಂದವನೇ ಕುಳ್ಳಯ್ಯ ಆತನನ್ನು ಮೂಟೆಯಂತೆ ಹೆಗಲಿಗೇರಿಸಿ, ಅಲ್ಲೇ ಇದ್ದ ಭತ್ತ ನೆನೆಹಾಕುವ ತೊಟ್ಟಿಗೆ ದೊಪ್ಪನೆ ಎಸೆದ. ಉಕ್ಕಿ ಹರಿದ ನೀರಿಗೆ ಬೆಂಕಿಯೂ ಚುಸ್ಸೆಂದಿತು.

"ಅಯ್ಯೋ, ಅವ್ರೇ ಕಣ್ಲಾ ಸಾಹೇಬ್ರು!" ಹಿಂದೆಯೇ ಓಡಿಬಂದ ರವೀಂದ್ರ ತಲೆಯ ಮೇಲೆ ಕೈ ಹೊತ್ತ. "ಪರೀಕ್ಷೆಗೆ ಅಂತ ಮುಂಚೇನೇ ಹಿಂದ್ಲಿಂದ ಬಂದು ಅವ್ರೇ ಬೆಂಕಿ ಹಚ್ಚವ್ರೆ!"

ಕುಳ್ಳಯ್ಯ ತಲೆ ಮುಟ್ಟಿ ನೋಡಿಕೊಂಡ, ಟೋಪಿಯೂ ಇಲ್ಲ. ಎಂಟು ವರ್ಷದ ಕೆಲಸ ಹೋಯಿತು! ಸಾಹೇಬರು ಮೀಸೆಯ ನೀರು ಹಿಂಡುತ್ತ ಮೇಲೆದ್ದರು.

"ಭೇಷ್! ಹೋದ ಕಡೆಯೆಲ್ಲ ವಾಚ್‌ಮನ್‌ಗಳು ನನ್ನನ್ನ ಬಿಟ್ಟು ಓಡಿಹೋದ್ರು. ಎತ್ಕೊಂಡವನು ನೀನೊಬ್ಬನೇ ಕಣಯ್ಯ. ನಿನಗೆ ಪ್ರಮೋಷನ್! ನಾಳೆಯಿಂದ ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಎಲ್ಲ ಕಡೆಗೂ ಹೋಗಿ ಇದನ್ನೇ ಕಲಿಸಬೇಕು."

ಕುಳ್ಳಯ್ಯ ಹಿಗ್ಗಿ ಹೀರೇಕಾಯಿಯಾಗಿ ಸಲ್ಯೂಟ್ ಹೊಡೆದ. "ಆಗ್ಲಿ ಸ್ವಾಮಿ! ಯಾರ್ನ ಎತ್ತಾಕ್ಬೇಕು ಯೋಳಿ?"

"ನೀನ್ಯಾಕಯ್ಯ ಎತ್ತುತೀಯ? ಎತ್ತೋದನ್ನ ಅವರು ಕಲೀಬೇಕಲ್ಲ," ಎಂದು ಸಾಹೇಬರು ಬೂಟಿನ ನೀರು ಸುರಿದರು. "ನೀನು ಬೆಂಕಿ ಪಕ್ಕ ನಿಂತ್ಕೊ, ಸಾಕು. ಅವರು ನಿನ್ನನ್ನ ತೊಟ್ಟಿಗೆ ಎಸೀತಾರೆ. ದಿನಕ್ಕೆ ಮೂರು ಸಲ."