ಕೋಟಿನ ಬೆನ್ನು ಹತ್ತಿ ಕಮಲಾಪುರಕ್ಕೆ

ನಮ್ಮೂರಿನ ಬೋರ್ಡುಗಳಲ್ಲಿ ಇನ್ನೂ ಗುಲ್ಬರ್ಗಾ ಎಂದೇ ಇದ್ದ ಕಾಲ. ನಮ್ಮ ಆಫೀಸಿನ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗಳನ್ನು ಮೈಕಿನ ಮುಂದೆ ನಿಂತು ಸ್ವಾಗತಿಸುವ ಹಕ್ಕು ಒಂಬತ್ತು ವರ್ಷಗಳಿಂದ ನನ್ನದಾಗಿತ್ತು. ಅದಕ್ಕೆ ನನ್ನ ವಾಕ್ಚಾತುರ್ಯವೇ ಕಾರಣವೆಂದು ನಂಬಿದ್ದೆ. ನಿಜವೇನೆಂದರೆ, ಇಡೀ ಆಫೀಸಿನಲ್ಲಿ ಕೋಟು ಇದ್ದದ್ದು ನನ್ನೊಬ್ಬನಿಗೇ.

ಆ ವರ್ಷ ನನ್ನ ಹೆಂಡತಿ ಆ ಕಂದು ಬಣ್ಣದ ಮದುವೆ ಕೋಟನ್ನು ಹಳೆ ಬಟ್ಟೆಗೆ ಪಾತ್ರೆ ಕೊಡುವವಳಿಗೆ ಕೊಟ್ಟು ಒಂದು ಸ್ಟೀಲ್ ಬೋಗುಣಿ ತೆಗೆದುಕೊಂಡಳು.

"ಕೋಟು ಹುಳಾ ತಿನ್ನಾಕತ್ತಿದ್ವುರೀ. ಬೋಗುಣಿಗೆ ಹುಳಾ ಹತ್ತಂಗಿಲ್ಲ," ಎಂದಳು.

ಮುಂದಿನ ತಿಂಗಳು ಬಸಣ್ಣ ಕಂದು ಕೋಟು ತೊಟ್ಟು ಬಂದ! ಗಾಜಿಪುರ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವನೂ ಅವನೇ, ಆಫೀಸಿನಲ್ಲಿ ಪಕ್ಕದ ಮೇಜಿನವನೂ ಅವನೇ. ಹೈದರಾಬಾದಿನಲ್ಲಿ ಹೊಲಿಸಿದ್ದಂತೆ. ಸಾಹೇಬರು ಅಂದೇ ಸ್ವಾಗತ ಭಾಷಣವನ್ನು ಅವನಿಗೆ ಒಪ್ಪಿಸಿದರು. ಹೊಟ್ಟೆಕಿಚ್ಚಿನಿಂದ ನನಗೆ ಎರಡು ದಿನ ರೊಟ್ಟಿ ಸೇರಲಿಲ್ಲ. ಮೂರನೆಯ ದಿನ ಸತ್ಯ ಹೊಳೆಯಿತು: ಅದು ನನ್ನದೇ ಕೋಟು! ಸಾಕ್ಷ್ಯಗಳು ಪ್ರಬಲವಾಗಿದ್ದವು. ಅದೇ ಬಣ್ಣ, ಮೂರು ಗುಂಡಿ, ಎರಡು ತೋಳು.

ಚಹಾದ ಹೊತ್ತಿನಲ್ಲಿ ಎಲ್ಲರ ಮುಂದೆ ಘೋಷಿಸಿದೆ. "ಬಸಣ್ಣ, ನನ್ನ ಕೋಟು ಎಲ್ಲೆಲ್ಲಿ ಹೋಗಿ ನಿನ್ನ ಮೈಮ್ಯಾಗ ಬಂತು ಅಂತ ಬುಡ ಸಮೇತ ಹುಡುಕ್ತೀನಿ. ಆಮ್ಯಾಗ 'ಈ ಕೋಟು ಇವರದು' ಅಂತ ನೀನ ಮೈಕಿನ್ಯಾಗ ಹೇಳಬೇಕು."

ಪುರಾವೆ ತಂದರೆ ಖಂಡಿತ ಹೇಳುತ್ತೇನೆ ಎಂದು ಅವನು ನಕ್ಕ. ಆ ನಗು ನನ್ನನ್ನು ಇನ್ನಷ್ಟು ಉರಿಸಿತು.

ಪಾತ್ರೆಯವಳನ್ನು ಹಿಡಿದೆ. ಅವಳಿಗೆ ಬೋಗುಣಿಯ ನೆನಪಿತ್ತು, ಕೋಟಿನದಿರಲಿಲ್ಲ. ತೊಡಲು ಬರುವ ಬಟ್ಟೆ ನೆಹರು ಗಂಜ್ ಹತ್ತಿರದ ಹಳೆ ಬಟ್ಟೆ ಅಂಗಡಿಗೆ, ಬಾರದ್ದು ಕಮಲಾಪುರದಲ್ಲಿ ಹಳೆ ಬಟ್ಟೆ ತುಂಡು ಜೋಡಿಸಿ ಕೌದಿ ಹೊಲಿಯುವ ಶರಣಮ್ಮನಿಗೆ ಹೋಗುತ್ತದೆ ಎಂದಳು. ನಾನು ಸಹಜವಾಗಿಯೇ ಅಂಗಡಿಗೆ ಹೋದೆ. ಒಳಕಿಸೆಯಲ್ಲಿ ಮಸಿ ಚೆಲ್ಲಿದ ಕಲೆ ಎಂದೊಡನೆ ಮುದುಕ ಅಂಗಡಿಕಾರನಿಗೆ ನೆನಪಾಯಿತು.

"ಅದಾ? ತೊಡೋ ಲಾಯಖ್ ಇರಲಿಲ್ಲ ಸಾಬ್. ವಾಪಸ್ ಕೊಟ್ಟೆ."

ಒಂಬತ್ತು ವರ್ಷ ವೇದಿಕೆ ಏರಿದ ಕೋಟಿನ ಬಗ್ಗೆ ಈ ಮಾತು! ಅಂಗಡಿಕಾರ ಬಸಣ್ಣನ ಜತೆ ಶಾಮೀಲಾಗಿದ್ದಾನೆಂದು ತೀರ್ಮಾನಿಸಿದೆ. ಕೋಟು ಶರಣಮ್ಮನಿಗೆ ಹೋಗಿಯೇ ಇಲ್ಲವೆಂದು ಸಾಬೀತುಪಡಿಸಲು ವಾರ್ಷಿಕೋತ್ಸವದ ದಿನ ಬೆಳಿಗ್ಗೆಯೇ ಕಮಲಾಪುರದ ಬಸ್ಸು ಹತ್ತಿದೆ.

ಶರಣಮ್ಮ ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದಳು. ಕೆಂಪು ಸೀರೆಯ ತುಂಡಿಗೂ ಗೀಟಿನ ಲುಂಗಿಯ ತುಂಡಿಗೂ ನಡುವೆ ನನ್ನ ಕಿಸೆ, ಮಸಿ ಕಲೆ ಸಮೇತ! ಎಲೆ ಅಡಿಕೆ ಇಡಲು ಅನುಕೂಲವೆಂದು ಅದೊಂದನ್ನು ಹಾಗೇ ಉಳಿಸಿದ್ದಳಂತೆ. ಅಂದರೆ ಬಸಣ್ಣನ ಕೋಟು ಬಸಣ್ಣನದೇ. ಸುಮ್ಮನೆ ವಾಪಸಾಗಬೇಕಿತ್ತು. ಆದರೆ ಮದುವೆ ಕೋಟನ್ನು ಅಲ್ಲೇ ಬಿಟ್ಟು ಬರಲು ಮನಸ್ಸಾಗಲಿಲ್ಲ. ಕೌದಿ ಕೊಡೆಂದು ಕೈಮುಗಿದೆ.

"ಹೊಟ್ಟಿ ತುಂಬಿಸದ ಕೌದಿ ಕೊಡಂಗಿಲ್ರೀ," ಎಂದು ಆಕೆ, ಕೌದಿ ಹಸಿದಿರಬಾರದೆಂಬ ಪದ್ಧತಿಯಂತೆ, ಕೊನೆಯ ಮೂಲೆಯೊಳಗೆ ಹೋಳಿಗೆ ಚೂರೊಂದನ್ನು ಇಟ್ಟು ಹೊಲಿದಳು. ಬಸ್ಸು ಬಹಳ ತಡವಾಯಿತು. ಕೌದಿಯನ್ನು ಬೇವಿನ ಮರದ ಬುಡದಲ್ಲಿಟ್ಟು ಅದಕ್ಕೊರಗಿ ತೂಕಡಿಸಿದೆ.

ಬಸ್ಸಿಳಿದು ನೇರ ಕಾರ್ಯಕ್ರಮಕ್ಕೆ ಹೋದೆ. ಬಸಣ್ಣ ಪುರಾವೆ ಕೇಳಿದ. ಕೌದಿ ಬಿಡಿಸಿ ಕಿಸೆ ತೋರಿಸಿ, ತಪ್ಪಾಯಿತು ಎಂದೆ. ಅವನು ಹಂಗಿಸಲೂ ಇಲ್ಲ, ಅದು ಇನ್ನೂ ಹೊಟ್ಟೆ ಉರಿಸಿತು! ಬದಲಿಗೆ, "ಛಲೋ ಹೊತ್ತಿಗೆ ತಂದ್ರಿ ಅಣ್ಣಾ," ಎಂದು, ಮೊಳೆ ಎದ್ದಿದ್ದ ಮುಖ್ಯ ಅತಿಥಿಗಳ ಕುರ್ಚಿಯ ಮೇಲೆ ಕೌದಿಯನ್ನು ಮಡಚಿ ಹಾಸಿದ.

ಬಸಣ್ಣನ ಸ್ವಾಗತ ಭಾಷಣ ನನ್ನದಕ್ಕಿಂತ ಚೆನ್ನಾಗಿಯೇ ಸಾಗಿತ್ತು. ಅಷ್ಟರಲ್ಲಿ ಅತಿಥಿಗಳು ಮಿಸುಕಿದರು. ಆಮೇಲೆ ಕೆರೆದುಕೊಂಡರು. ಆಮೇಲೆ ಜಿಗಿದೆದ್ದರು. ಹೋಳಿಗೆ ಹುಡುಕಿಕೊಂಡು ಬೇವಿನ ಮರದ ಕೆಂಪಿರುವೆಗಳೆಲ್ಲ ನನ್ನ ಜತೆಗೇ ಬಸ್ಸಿನಲ್ಲಿ ಬಂದಿದ್ದವು! ಈ ದರಿದ್ರ ಯಾರದು ಎಂದು ಅತಿಥಿಗಳು ಗುಡುಗಿದರು.

ಬಸಣ್ಣ ಕೊಟ್ಟ ಮಾತಿಗೆ ತಪ್ಪುವವನಲ್ಲ. ಮೈಕಿನಲ್ಲಿ ಗಂಟಲು ಸರಿಮಾಡಿಕೊಂಡು, ಕೈಯನ್ನು ನನ್ನತ್ತ ಚಾಚಿ ಸ್ಪಷ್ಟವಾಗಿ ಹೇಳಿದ: "ಈ ಕೋಟು ಇವರದು."

ಒಂಬತ್ತು ವರ್ಷಗಳಲ್ಲಿ ನನಗೆ ಅಷ್ಟು ಚಪ್ಪಾಳೆ ಎಂದೂ ಬಿದ್ದಿರಲಿಲ್ಲ.