ಬ್ಯಾಟಲ್ಲು, ವಾರು ಮತ್ತು ನಮ್ಮ ಭಾವ

ಗಂಡ ಹೆಂಡತಿ ಜಗಳಕ್ಕೆ ಕಾನೂನು ಬರೆದು ಫ್ರಿಜ್ಜಿಗೆ ಅಂಟಿಸಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಅವರು ನಮ್ಮ ಅಕ್ಕನ ಪಾಲಿಗೇ ಬಂದರು!

ಧಾರವಾಡ ಬಿಟ್ಟು ಪರದೇಶ ಸೇರಿದ ನಮ್ಮ ಭಾವನ ಪ್ರಕಾರ ಬ್ಯಾಟಲ್ ಬೇರೆ, ವಾರ್ ಬೇರೆ. ಬ್ಯಾಟಲ್ಲು ರಾತ್ರಿ ಊಟದೊಳಗೆ ಮುಗಿಯಬೇಕು, ಸೋತವರು ಪಾತ್ರೆ ತೊಳೆಯಬೇಕು. ವಾರಿಗೆ ಗಡುವಿಲ್ಲ, ಮಾತು ಬಂದ್. ಎಸಿ ಎಷ್ಟಕ್ಕಿಡಬೇಕು ಎಂಬುದು ಬ್ಯಾಟಲ್ಲು. ಭಾವನ ತಂಗಿ ಕೊಟ್ಟ ಸೀರೆಯ ಬಗ್ಗೆ ಅಕ್ಕ ಆಡಿದ ಒಂದು ಮಾತು, ವಾರು. ಆಗಲೂ ಇಬ್ಬರೂ ಸ್ಯಾನ್ ರಮೋನಿನ ಮನೆಯಿಂದ ಒಂದೇ ಕಾರಲ್ಲಿ, ಇಬ್ಬರಿದ್ದರೆ ಬೇಗ ಹೋಗಲು ಬಿಡುವ ಕಾರ್‌ಪೂಲ್ ಲೇನು ಹಿಡಿದು, ಆಫೀಸಿಗೆ ಹೋಗುತ್ತಿದ್ದರು. ಇದೇನು ಭಾವ ಎಂದರೆ, "ಕಾರ್‌ಪೂಲ್ ಲೇನಿಗೆ ಇಬ್ಬರು ಬೇಕು ಅಂತ ಬರದಾರ. ಮಾತಾಡಬೇಕು ಅಂತ ಎಲ್ಲೆ ಬರದಾರ?"

ನಾನು ಅದೇ ಸೀಮೆಯ ಕ್ಯಾಂಪ್‌ಬೆಲ್‌ನಲ್ಲಿ ಹಳೇ ಕಾರು ಮಾರಿ ಬದುಕು ಕಟ್ಟಿಕೊಂಡವನು. ಗಿರಾಕಿಯ ಕಣ್ಣು ನೋಡಿಯೇ ಎಷ್ಟು ಬೆಲೆಗೆ ಒಪ್ಪುತ್ತಾನೆ ಎಂದು ಹೇಳಬಲ್ಲೆ. ಭಾವನ ಮುಂದೆ ಮಾತ್ರ ನನ್ನ ವ್ಯಾಪಾರ ನಡೆಯುವುದಿಲ್ಲ.

ಈ ಸಲದ ವಾರಿಗೆ ಕಾರಣ ನಾನೇ. ತನ್ನ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂಬ ರಿಪೋರ್ಟು ಬಂದಾಗ ಅಕ್ಕ ಮೊದಲು ನನಗೆ ಹೇಳಿದಳು. ಭಾವ ಗಾಬರಿಯಾಗುತ್ತಾರೆ, ಆಪರೇಷನ್ ದಿನ ಗೊತ್ತಾದ ಮೇಲೆ ಹೇಳು ಎಂದು ಬುದ್ಧಿವಂತನ ಹಾಗೆ ಸಲಹೆ ಕೊಟ್ಟೆ. ದಯವಿಟ್ಟು ಇಂಥ ಸಲಹೆ ಯಾರಿಗೂ ಕೊಡಬೇಡಿ! ವಿಷಯ ತಿಳಿದ ದಿನ ಭಾವ ಕೂಗಾಡಲಿಲ್ಲ. ಫ್ರಿಜ್ಜಿನ ಚೀಟಿಯ ಮೇಲೆ ಬೆರಳಿಟ್ಟು "ವಾರ್" ಅಂದರು, ಅಷ್ಟೆ.

ಹನ್ನೊಂದು ದಿನ ಮಾತಿಲ್ಲ. ನಾನು ಎರಡೂ ಕಡೆ ಓಡಾಡಿ ಚೌಕಾಸಿ ಮಾಡಿದೆ: ಅಕ್ಕ ತಪ್ಪಾಯ್ತು ಅನ್ನಲಿ, ನೀವು ಬರೀ ಹ್ಞೂಂ ಅನ್ನಿ ಸಾಕು. ಅಕ್ಕ ಅಂದೂಬಿಟ್ಟಳು. ಭಾವ ಹ್ಞೂಂ ಅನ್ನಲಿಲ್ಲ.

ಆಪರೇಷನ್ನಿನ ಬೆಳಿಗ್ಗೆ ಕಾರ್‌ಪೂಲ್ ಲೇನಿನಲ್ಲಿ ಮೂವರೂ ಮೌನ. ಹಿಂದಿನ ಸೀಟಿನಲ್ಲಿ ನನಗೆ ಒಂದೇ ಯೋಚನೆ. ಹೀಗೇ ಅವಳನ್ನು ಒಳಗೆ ಕಳಿಸಿಬಿಟ್ಟರೆ?

ಆಸ್ಪತ್ರೆಯಲ್ಲಿ ನರ್ಸು ಅಕ್ಕನ ಮಂಚ ತಳ್ಳಿದಳು. ಆಪರೇಷನ್ ಥಿಯೇಟರಿನ ಬಾಗಿಲ ಹತ್ತಿರ ಭಾವ ಮಂಚದ ಕಂಬಿ ಹಿಡಿದು ನಿಲ್ಲಿಸಿಬಿಟ್ಟರು.

"ಏ, ಇಲ್ಲೆ ಕೇಳು. ಇದು ಬ್ಯಾಟಲ್ ಅಷ್ಟ."

ಅಕ್ಕ ಅವರನ್ನೇ ನೋಡಿದಳು. "ಹಂಗಾದ್ರ ರಾತ್ರಿ ಊಟದೊಳಗ ಮುಗೀಬೇಕಲ್ರೀ."

"ಮುಗಸ್ತೀನಿ. ನೀ ಊಟಕ್ಕ ಬಾ."

ಮೂರು ದಿನ ಆಸ್ಪತ್ರೆಯಲ್ಲೇ ಇರಬೇಕೆಂದು ಡಾಕ್ಟರು ಹೇಳಿದ್ದು ಇಬ್ಬರಿಗೂ ಗೊತ್ತಿತ್ತು.

ಮಧ್ಯಾಹ್ನ ಅಕ್ಕನಿಗೆ ಎಚ್ಚರವಾಯಿತು. ಗಡ್ಡೆ ಪೂರ್ತಿ ತೆಗೆದಿದ್ದಾರೆ, ಭಯವಿಲ್ಲ ಎಂದರು ಡಾಕ್ಟರು. ಅವಳ ಬಟ್ಟೆ ತರಲು ಭಾವನ ಜೊತೆ ಮನೆಗೆ ಹೋದೆ. ಬಟ್ಟೆಯ ಕಡೆ ಹೋಗದೆ ಭಾವ ಅಂಗಿಯ ತೋಳು ಮಡಚಿಕೊಂಡು ಸಿಂಕಿನ ಮುಂದೆ ನಿಂತರು. ಫ್ರಿಜ್ಜಿನ ಚೀಟಿಯ ಕಡೆ ಒಮ್ಮೆ ನೋಡಿ, ಹಿಂದಿನ ದಿನದ ಪಾತ್ರೆಗಳನ್ನು ಒಂದೊಂದಾಗಿ ತಿಕ್ಕತೊಡಗಿದರು.

ಪಕ್ಕದಲ್ಲೇ ಡಿಶ್‌ವಾಶರ್ ಇದೆಯಲ್ಲ ಎಂಬ ಸಲಹೆ ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.